ಪಾಚಿ ಎಣ್ಣೆಯ ಎರಡು ಸೀಸೆ

ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯನ್ನು ಬೆಳೆಸಿ, ಒಣಗಿಸಿ, ಗಾಳಿಯಾಡದ ಕೊಳವೆಯಲ್ಲಿ ಕಾಯಿಸಿ ಎಣ್ಣೆ ತೆಗೆಯುವುದು ನನ್ನ ಪಿಎಚ್‌ಡಿ ಕೆಲಸವಾಗಿತ್ತು. ಎಣ್ಣೆಯೇನೋ ಬರುತ್ತಿತ್ತು, ಡಾಂಬರಿನಷ್ಟು ಕಪ್ಪಗೆ. ನಾತವಂತೂ ಹೇಳತೀರದು. ಪಾಚಿಯ ಪ್ರೋಟೀನಿನಲ್ಲಿರುವ ನೈಟ್ರೋಜನ್ ಎಣ್ಣೆಗೂ ಇಳಿಯುತ್ತದೆ, ಅದಕ್ಕೇ. ಆಮೇಲೆ ಜಿಯೋಲೈಟ್ ಎಂಬ ಬಿಳಿ ಪುಡಿಯನ್ನು ವೇಗವರ್ಧಕವಾಗಿಟ್ಟು, ಎಣ್ಣೆಯ ಬಿಸಿ ಆವಿಯನ್ನು ಅದರ ಮೂಲಕ ಹಾಯಿಸಿದೆ. ಎಣ್ಣೆ ತಿಳಿಯಾಯಿತು. ನಾತವೂ ಇಳಿದಿದೆ ಅನ್ನಿಸಿತು. ಆದರೆ ಮೂರು ವರ್ಷ ಅದರಲ್ಲೇ ಮುಳುಗಿದ್ದ ಮೂಗನ್ನು ನಂಬುವುದು ಹೇಗೆ?

ದಬ್ಬೇಘಟ್ಟದ ನಮ್ಮ ದೊಡ್ಡಪ್ಪ ಕೊಬ್ಬರಿ ವ್ಯಾಪಾರಿ. ಚೀಲ ಬಿಚ್ಚುವ ಮೊದಲೇ ಒಳಗಿನ ಮುಗ್ಗಲು ವಾಸನೆ ಹಿಡಿಯುವ ಮೂಗು ಅವರದು. ಹಳೆ ಎಣ್ಣೆಯದೊಂದು, ಹೊಸದರದೊಂದು ಸೀಸೆ ಬ್ಯಾಗಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಕಿಬ್ಬನಹಳ್ಳಿ ದಾಟುವಷ್ಟರಲ್ಲಿ ಹಳೆ ಸೀಸೆಯ ಮುಚ್ಚಳ ಸಡಿಲವಾಗಿತ್ತು. ಕಂಡಕ್ಟರ್ ಬಗ್ಗಿ ಬಗ್ಗಿ ಸೀಟಿನಡಿ ಸತ್ತ ಇಲಿ ಹುಡುಕಿದ. ನನ್ನ ಪಕ್ಕದ ಹೆಂಗಸು ಮುಂದಿನ ಸೀಟಿನ ಮುದುಕರ ಗಂಟನ್ನೇ ದಿಟ್ಟಿಸಿ, "ಒಣಮೀನು ತಂದಿದ್ದೀರಾ?" ಅಂದರು. ಮುದುಕರು ಕೊರಳಿನ ಲಿಂಗ ತೋರಿಸಿ ಕೆಂಡಾಮಂಡಲವಾದರು. ನಾನು ಒಪ್ಪಿಕೊಳ್ಳದೆ ದಾರಿಯಿರಲಿಲ್ಲ.

"ನಂದು ಕಣ್ರೀ. ಪಾಚಿ ಎಣ್ಣೆ."

"ತಲೆಗೆ ಹಚ್ಚಕ್ಕಾ ಮೇಡಂ?" ಅಂದ ಕಂಡಕ್ಟರ್, ಮೂಗು ಮುಚ್ಚಿಕೊಂಡೇ. ಉಳಿದ ದಾರಿಯುದ್ದಕ್ಕೂ ಹಿಂದಿನ ಉದ್ದ ಸೀಟಿನಲ್ಲಿ ನಾನೊಬ್ಬಳೇ.

ದೊಡ್ಡಪ್ಪ ಮೊದಲ ಸೀಸೆ ಮೂಸಿದವರೇ ಸೀದಾ ಅಂಗಳಕ್ಕೆ ಹೋದರು. ಮುಖ ತೊಳೆದು ಬಂದು ಎರಡನೆಯದನ್ನು ದೂರದಿಂದ ಮೂಸಿದರು. ಆಮೇಲೆ ಹತ್ತಿರದಿಂದ.

"ಇದು ವಾಸಿ ಕಣವ್ವ. ಏನ್ ಹಾಕ್ದೆ?"

"ಒಂದು ಪುಡಿ ದೊಡ್ಡಪ್ಪ. ಕೆಲಸ ಮಾಡಿಸುತ್ತೆ, ಎಣ್ಣೇಲಿ ಬೆರೆಯಲ್ಲ, ತಾನೂ ಕರಗಲ್ಲ."

"ದಲ್ಲಾಳಿ ಥರ ಅನ್ನು. ಕಮಿಷನ್ನೂ ತಗಳಲ್ವಾ?"

"ಇಲ್ಲ. ಆದ್ರೆ ಬರ್ತಾ ಬರ್ತಾ ಮಸಿ ಹಿಡಿಯುತ್ತೆ, ಸುಟ್ಟು ಶುದ್ಧ ಮಾಡ್ಬೇಕು. ಎಣ್ಣೇನೂ ಒಂಚೂರು ಕಮ್ಮಿ ಬರುತ್ತೆ."

"ಅಲ್ಲಿಗೆ ಬಂತು ನೋಡು ಕಮಿಷನ್ನು!"

ದೊಡ್ಡಮ್ಮ ಎರಡು ಸೀಸೆಯನ್ನೂ ಕೊಟ್ಟಿಗೆಯಾಚೆ ಇಡಿಸಿದರು. ಸಂಜೆ ಪಕ್ಕದ ಮನೆಯ ಗೆಳೆಯರೊಬ್ಬರು ಬಂದಾಗ ದೊಡ್ಡಪ್ಪ ತಾವೇ ಹೋಗಿ ಹೊಸದನ್ನು ತಂದರು.

"ನಮ್ ಹುಡುಗಿ ಪಾಚೀಲಿ ತೆಗ್ದಿರೋ ಎಣ್ಣೆ. ಮೂಸಿ ನೋಡ್ಲಾ."

ಗೆಳೆಯರು ಮೂಸಿ ಮುಖ ಹಿಂಡಿದರು. "ಥೂ! ಏನ್ಲಾ ಇದು?"

"ಇದೇ ಒಳ್ಳೇದು ಕಣ್ಲಾ," ಅಂದರು ದೊಡ್ಡಪ್ಪ, ಹೆಮ್ಮೆಯಿಂದ. "ತಡಿ, ಇನ್ನೊಂದು ತತ್ತೀನಿ."