ಹಳೆ ತಾಲೂಕಿಗೆ ಬರೆದ ಅರ್ಜಿ

ಮಾಹಿತಿ ಹಕ್ಕಿನ ಅರ್ಜಿಗೆ ನಮ್ಮ ರಾಜ್ಯದಲ್ಲಿ ಒಂದು ನಿಯಮವಿದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಅದು ನೂರೈವತ್ತು ಪದ ಮೀರಬಾರದು. ಅವ್ವನ ಸಲುವಾಗಿ ನಾನು ಬರೆದ ಅರ್ಜಿ ನೂರಾ ನಲವತ್ತೊಂಬತ್ತು ಪದದ್ದು. ಅದನ್ನು ಅಷ್ಟಕ್ಕೆ ಇಳಿಸಲು ನನಗೆ ಒಂಬತ್ತು ದಿನ ಹಿಡಿಯಿತು. ಆಗ ಆ ಒಂಬತ್ತು ದಿನದ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎಂ.ಎ. ಓದುವಾಗ ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಚೀಲ ಹೊತ್ತಿದ್ದೇನೆ. ಈಗ ಅದೇ ಊರಿನಲ್ಲಿ ಅತಿಥಿ ಉಪನ್ಯಾಸಕ. ಇರುವ ಖೋಲಿಯೂ ಒಂದು ಮಿಲ್ಲಿನ ಹಿಂದೆಯೇ ಇದೆ. ಕಿಟಕಿ ತೆರೆದರೆ ಪುಸ್ತಕದ ಮೇಲೆ ತೌಡು ಕೂರುತ್ತದೆ. ಅವ್ವ ಮಸ್ಕಿಯಿಂದ ಆಚೆ ನಮ್ಮ ಹಳ್ಳಿಯಲ್ಲಿದ್ದಾಳೆ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಶುರುವಾದಾಗಿನಿಂದ ಅಡುಗೆ ಮಾಡುತ್ತ ಬಂದವಳು. ಶಾಲೆಯ ದಾಖಲೆಯಲ್ಲಿ ಅವಳ ಹುಟ್ಟಿದ ದಿನ ಜೂನ್ ಒಂದು. ನಮ್ಮ ಕಡೆ ಆ ವಯಸ್ಸಿನವರೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು, ಹೆಸರು ಹಚ್ಚಿಕೊಂಡ ಮಾಸ್ತರರು ಹಾಗೆ ಬರೆದರು. ಆ ಲೆಕ್ಕದಲ್ಲಿ ಬರುವ ಜೂನ್ ಒಂದಕ್ಕೆ ಅವಳಿಗೆ ಅರವತ್ತು ತುಂಬುವುದಿತ್ತು. ಅರವತ್ತಾದರೆ ಮನೆಗೆ.

ಅರವತ್ತಾದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಕೇಳಲು ಅಡುಗೆಯವರೆಲ್ಲ ಸೇರಿ ಮಳೆಗಾಲದ ಒಂದು ದಿನ ಹೆದ್ದಾರಿ ಪಕ್ಕದ ಒಂದು ಕಚೇರಿಯ ಮುಂದೆ ಕೂತರು. ಯಾವ ಕಚೇರಿ, ಯಾವ ಠಾಣೆಯವರು ಎಂದು ಇಲ್ಲಿ ಬರೆಯುವುದಿಲ್ಲ. ಬಂದೋಬಸ್ತಿಗೆ ಮೂರು ನಾಲ್ಕು ಕಡೆಯಿಂದ ಪೊಲೀಸರು ಬಂದಿದ್ದರಂತೆ. ಮಧ್ಯಾಹ್ನ ಎಲ್ಲರನ್ನೂ ಎತ್ತಿ ಬಸ್ಸಿಗೆ ಹಾಕಿದರು. ಎತ್ತುವಾಗ ಅವ್ವನ ಬಲಗೈ ಮಣಿಕಟ್ಟು ಮುರಿಯಿತು.

ಮರುದಿನ ಹೋದಾಗ ಅವಳು ಪಟ್ಟಿ ಕಟ್ಟಿದ ಕೈಯನ್ನು ಮೊಳಕಾಲ ಮೇಲಿಟ್ಟುಕೊಂಡು ಕೂತಿದ್ದಳು.

“ರಸ್ತೆದಾಗ ಕುಂತಿದ್ರೇನ ಬೇ?” ಎಂದು ಕೇಳಿದೆ. ಯಾಕೆಂದರೆ ಪೊಲೀಸರ ಕಾಗದದಲ್ಲಿ ಹಾಗಿತ್ತು: ಅಕ್ರಮವಾಗಿ ಗುಂಪು ಸೇರಿ, ರಸ್ತೆಯ ನಡುವೆ ಕೂತು, ವಾಹನಗಳನ್ನು ತಡೆದರು. ಆರೋಪಿಗಳ ಪಟ್ಟಿಯಲ್ಲಿ ಮೊದಲ ಹೆಸರು ಅವ್ವನದು.

“ರಸ್ತೆದಾಗ ಯಾಕ ಕುಂದರೂಣು? ಲಾರಿ ಮೈಮ್ಯಾಲ ಹಾದು ಹೋಗ್ಲಿ ಅಂತೇನು? ಕಂಪೌಂಡ ಬಾಜೂಕ ಬೇವಿನ ಗಿಡ ಐತಲ್ಲ, ಅದರ ಬುಡಕ ಕುಂತಿದ್ದಿವಿ. ನೆಳ್ಳಿತ್ತು.”

“ಮತ್ತ ನಿನ್ನ ಹೆಸರು ಮೊದಲ ಹೆಂಗ ಬಂತು?”

“ಬಸ್ಸಿನಾಗ ಹೆಸರ ಕೇಳಿದ್ರು. ಎಲ್ಲಾರೂ ಬಾಯಿ ಮುಚಗೊಂಡು ಕುಂತ್ರು. ನಾ ಹೇಳಿದೆ. ಹೆಸರ ಹೇಳಾಕ ಏನ ನಾಚಿಕಿ?”

ಎರಡು ದಿನ ಬಿಟ್ಟು ಹೆಡ್‌ಮಾಸ್ತರರು ಮನೆತನಕ ಬಂದರು. ಕೆಟ್ಟವರಲ್ಲ. ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಲೋಟ ಕೆಳಗಿಟ್ಟ ಮೇಲೆ ಹೇಳಿದರು: “ಕೇಸ್ ಮುಗಿಯೋತನಕ ಅಡಿಗಿ ಮನಿಗೆ ಬರಬ್ಯಾಡ್ರಿ. ಮ್ಯಾಲಿನವರು ಕೇಳಿದ್ರ ನಾ ಏನ್ ಹೇಳ್ಲಿ? ಕೇಸ್ ಮುಗದ ಕಾಗದ ತರ್ರಿ, ನಾ ಏನ್ ಬ್ಯಾಡ ಅನ್ನಂಗಿಲ್ಲ.”

ಅವರು ಹೋದ ಮೇಲೆ ಅವ್ವ ಬೆರಳು ಎಣಿಸಿದಳು. ಶಾಲೆ ನಡೆಯುವುದು ಏಪ್ರಿಲ್ಲಿನವರೆಗೆ. ಅಷ್ಟರೊಳಗೆ ಕೇಸು ಮುಗಿಯದಿದ್ದರೆ ಅವಳ ಅಡುಗೆ ಮನೆಯ ಕೆಲಸ ಆ ಪೊಲೀಸರ ಬಸ್ಸಿನಲ್ಲೇ ಮುಗಿದಂತೆ. “ಕಡೀ ದಿನ ಹುಡುಗರಿಗೆ ನನ್ನ ಕೈಲೆ ಸಿಹಿ ಸಜ್ಜಕ ಮಾಡಿ ನೀಡಿ ಬರಬೇಕು ಅಂತಿತ್ತಪಾ,” ಎಂದಳು. ಮತ್ತೇನೂ ಬೇಡಲಿಲ್ಲ.

ಆಮೇಲೆ ಮಾತಿಗೆ ಮಾತು ಬಂದು ಅವಳೇ ಹೇಳಿದಳು: “ಒಬ್ಬಾಂವ ಪೊಲೀಸ ಕ್ಯಾಮೆರಾ ಹಿಡಕೊಂಡು ನಮ್ಮ ಮಾರಿ ಮುಂದನ ನಿಂತಿದ್ದ, ಲಗ್ನದಾಗ ತಗದಂಗ. ಮೊದಲಿಂದ ಕಡೀತನಕ ತಗದಾನ. ನಾ ಸೆರಗು ಸರಿ ಮಾಡ್ಕೊಂಡು ಕುಂತೆ.”

ಆ ಮಾತು ಕೇಳಿದ ಕೂಡಲೇ ನನಗೆ ದಾರಿ ಕಂಡಂತಾಯಿತು. ಸರ್ಕಾರದ ಕ್ಯಾಮೆರಾ ಸರ್ಕಾರದ ಮಾತನ್ನೇ ಸುಳ್ಳು ಮಾಡುತ್ತದೆ. ಗಿಡದ ಬುಡದಲ್ಲಿ ಸೆರಗು ಸರಿ ಮಾಡಿಕೊಂಡು ಕೂತ ನನ್ನ ಅವ್ವ ಅದರಲ್ಲಿ ಇದ್ದೇ ಇರುತ್ತಾಳೆ. ಆ ದಿನದ ಬಂದೋಬಸ್ತಿನ ಆದೇಶ, ಚಿತ್ರೀಕರಣದ ಪ್ರತಿ, ಎರಡನ್ನೂ ಕೇಳಿ ಅರ್ಜಿ ಹಾಕುತ್ತೇನೆ ಎಂದೆ. ಅವ್ವನಿಗೆ ಅರ್ಥವಾದದ್ದು ಇಷ್ಟು: ಮಗ ಸರ್ಕಾರಕ್ಕೆ ಬರೆದು ಕೇಳಿದರೆ ಸರ್ಕಾರ ಬರೆದು ಉತ್ತರ ಕೊಡಲೇಬೇಕು. ಉಳಿದ ಅಡುಗೆಯವರಿಗೂ ಹಾಗೇ ಹೇಳಿಕೊಂಡು ಬಂದಳು.

ಹದಿನೈದು ದಿನ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಪಟ್ಟಿ ಬದಲಿಸುವುದು ಇವುಗಳಲ್ಲೇ ಹೋಯಿತು. ಆಮೇಲೆ ನಾನು ಬರೆಯಲು ಕೂತೆ. ಮೊದಲ ಕರಡು ನಾಲ್ಕು ಪುಟ. ಸಂವಿಧಾನ ಇತ್ತು, ಶಾಂತಿಯುತವಾಗಿ ಸೇರುವ ಹಕ್ಕು ಇತ್ತು, ಅವ್ವ ಇಷ್ಟು ವರ್ಷ ಎಷ್ಟು ಮಕ್ಕಳಿಗೆ ಉಣಿಸಿದ್ದಾಳೆ ಎಂಬುದೂ ಇತ್ತು. ದಿನಾ ಕಾಲೇಜಿನಿಂದ ಬಂದು ಒಂದಷ್ಟು ಹೊಡೆದು ಹಾಕುತ್ತಿದ್ದೆ. ಅವ್ವನ ಮಕ್ಕಳು ಹೋದರು, ಸಂವಿಧಾನ ಹೋಯಿತು. ಒಂಬತ್ತನೆಯ ದಿನ ಒಂದು ಪದವನ್ನೂ ಅಲುಗಿಸಲಾಗದಂಥ ಅರ್ಜಿ ನನ್ನ ಕೈಯಲ್ಲಿತ್ತು. ಪೋಸ್ಟಲ್ ಆರ್ಡರ್ ಲಗತ್ತಿಸಿ, ಲಕೋಟೆಯ ಮೇಲೆ ದುಂಡಗೆ ವಿಳಾಸ ಬರೆದು, ರಿಜಿಸ್ಟರ್ ಅಂಚೆಗೆ ಹಾಕಿ, ರಸೀದಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೆ.

ವಿಳಾಸದಲ್ಲಿ ಲಿಂಗಸುಗೂರು ಎಂದು ಬರೆದಿದ್ದೆ.

ನಾನು ಓದುವ ಕಾಲಕ್ಕೆ ನಮ್ಮ ಹಳ್ಳಿ, ಅವ್ವ ಕೂತಿದ್ದ ಆ ಕಚೇರಿಯ ಜಾಗ, ಆಸುಪಾಸಿನದೆಲ್ಲ, ಲಿಂಗಸುಗೂರು ತಾಲೂಕಿಗೆ ಸೇರಿತ್ತು. ನನ್ನ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ಪಿನ ಅರ್ಜಿ, ಎಲ್ಲದರಲ್ಲೂ ಆ ಹೆಸರು. ಮುಂದೆ ಮಸ್ಕಿ ತಾಲೂಕಾಯಿತು, ನಾವು ಅಲ್ಲಿಗೆ ಸೇರಿದೆವು. ಆದರೆ ನಮ್ಮ ಮಂದಿ ಈಗಲೂ “ತಾಲೂಕಿಗೆ ಹೋಗಿ ಬರ್ತೀನಿ” ಎಂದರೆ ಲಿಂಗಸುಗೂರಿನ ಬಸ್ಸೇ ಹತ್ತುತ್ತಾರೆ. ತಿಳಿಯದವರಿಗೆ ನಾನೇ ತಿದ್ದಿ ಹೇಳಿದ್ದೂ ಇದೆ. ಅಂಥವನು, ಒಳಗಿನ ನೂರಾ ನಲವತ್ತೊಂಬತ್ತು ಪದಗಳನ್ನು ತೂಗಿ ನೋಡಿದವನು, ಹೊರಗಿನ ಒಂದು ಪದವನ್ನು ತಿರುಗಿ ನೋಡಲಿಲ್ಲ.

ಲಿಂಗಸುಗೂರಿನ ಠಾಣೆಯಿಂದ ಬೇಗ ಉತ್ತರ ಬಂತು. ಆ ಸ್ಥಳ ತಮ್ಮ ವ್ಯಾಪ್ತಿಗೆ ಬರುವುದಿಲ್ಲ, ಅರ್ಜಿಯನ್ನು ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಿದ್ದೇವೆ ಎಂದು. ಕಾಯ್ದೆ ಹೇಳಿದ ಅವಧಿಯೊಳಗೇ ಕಳಿಸಿದ್ದರು, ತಪ್ಪು ಅವರದಲ್ಲ. ಓಹೋ, ತಾಲೂಕು ತಪ್ಪಿದೆ ಎಂದುಕೊಂಡು ನಾನು ನಕ್ಕುಬಿಟ್ಟೆ. ಹೋಗಬೇಕಾದಲ್ಲಿಗೆ ಹೋಯಿತಲ್ಲ ಎಂದು ಸಮಾಧಾನವೂ ಆಯಿತು. ಅರ್ಜಿ ಹೋದ ಆ ಠಾಣೆ ಶನಿವಾರಕ್ಕೊಮ್ಮೆ ನಾನು ಊರಿಗೆ ಹೋಗುವ ದಾರಿಯಲ್ಲೇ ಇದೆ. ಬಸ್ಸಿನ ಕಿಟಕಿಯಿಂದ ಅದರ ಬಾಗಿಲು ಕಾಣುತ್ತದೆ.

ಅವ್ವ ದಿನಾ ಸಂಜೆ ಫೋನು ಮಾಡುತ್ತಿದ್ದಳು. “ಕಾಗದ ಬಂತೇನ ಯಪ್ಪಾ?”

“ಬರ್ತೈತಿ ಬೇ. ಮೂವತ್ತ ದಿನದಾಗ ಕೊಡಬೇಕಂತ ಕಾಯ್ದಾ ಐತಿ.”

“ಕಾಯ್ದಾ ಇದ್ರ ಕೊಡ್ತಾರ ಬಿಡು.”

ಕಾಗದ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಓದಿದೆ. ಎರಡು ಹಾಳೆ. ಒಂದರಲ್ಲಿ ಬಂದೋಬಸ್ತಿನ ಆದೇಶ: ಎಷ್ಟು ಸಿಬ್ಬಂದಿ, ಎಷ್ಟು ವಾಹನ, ಯಾರು ಎಲ್ಲಿ ನಿಲ್ಲಬೇಕು. ಕೆಳಗೆ ಆಮೇಲೆ ಸೇರಿಸಿದ ಒಂದು ಸಾಲು, ಪ್ರತಿಭಟನಾಕಾರರನ್ನು ಸುರಕ್ಷಿತವಾಗಿ ಸ್ಥಳಾಂತರಿಸಲಾಯಿತು. ಇನ್ನೊಂದು ಹಾಳೆಯಲ್ಲಿ ನಾಲ್ಕೇ ಸಾಲು. ಚಿತ್ರೀಕರಣವನ್ನು ಮೂವತ್ತು ದಿನ ಮಾತ್ರ ಇಡಲಾಗುತ್ತದೆ. ತಮ್ಮ ಅರ್ಜಿ ಈ ಠಾಣೆಗೆ ತಲುಪಿದ್ದು ಮೂವತ್ನಾಲ್ಕನೆಯ ದಿನ. ಆದ ಕಾರಣ ಕೋರಿದ ಮಾಹಿತಿ ಲಭ್ಯವಿರುವುದಿಲ್ಲ.

ಅಂದೇ ರಜೆ ಹಾಕಿ ಠಾಣೆಗೆ ಹೋದೆ. ಕಾಗದಪತ್ರ ನೋಡುವ ರೈಟರ್ ನನಗಿಂತ ಸಣ್ಣವರು. ಕುರ್ಚಿ ಕೊಟ್ಟರು, ನನ್ನ ಅರ್ಜಿಯನ್ನು ಫೈಲಿನಿಂದ ತೆಗೆದು ಮೇಜಿನ ಮೇಲಿಟ್ಟರು.

“ನೀವೇನ್ರಿ ಸರ ಬರದದ್ದು? ಭಾಳ ಛಲೋ ಬರದೀರಿ. ನಮ್ಮ ಸಾಹೇಬ್ರು ಎಲ್ಲಾರಿಗೂ ಓದಿ ತೋರ್ಸಿದ್ರು.”

“ವಿಡಿಯೋ ಖರೇನ ಇಲ್ಲೇನ್ರಿ?”

“ಇದ್ರ ಯಾಕ ಇಲ್ಲ ಅನ್ನೂಣ್ರಿ? ಒಂದ ಕಾರ್ಡ ಇರ್ತೈತಿ, ಅದರಾಗನ ತಿರುಗಿ ಮುರುಗಿ ತಗೀತಾರ. ಇಂಥಾ ಸಣ್ಣ ಕೇಸಿಗೆ ವಿಡಿಯೋ ಹಚ್ಚಂಗಿಲ್ರಿ. ನಿಮ್ಮ ತಾಯಾರ ಮ್ಯಾಲ ಈಗ ಗಣಪತಿ ಮೆರವಣಿಗಿ ಕುಂತೈತಿ.” ಹೇಳಿದ ಮೇಲೆ ಆ ಮಾತು ಅವರಿಗೇ ಹೇಗೋ ಅನ್ನಿಸಿರಬೇಕು. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. “ಟಪಾಲಿಗೆ ಯಾಕ ಹಾಕಿದ್ರಿ ಸರ? ಹಾದಿ ಮ್ಯಾಲನ ಐತಿ ಠಾಣೆ. ದಸ್ತಿ ತಂದ ಕೊಟ್ಟಿದ್ರ ಆವತ್ತ ಕಾಪಿ ಮಾಡಿ ಇಡತಿದ್ದೆ.”

ದಸ್ತಿ, ಅಂದರೆ ಕೈಯಾರೆ. ಓದು ಬರದ ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ಠಾಣೆಯ ಮುಂದೆ ಬಂದು ನಿಂತು, ಕೈ ಮುಗಿದು, ಸಾಹೇಬರನ್ನು ಕೇಳುತ್ತಿದ್ದರು. ಹಾಗೆ ಕೈ ಮುಗಿದು ನಿಲ್ಲಬಾರದೆಂದೇ ನಾನು ಓದಿದ್ದು.

ಅಂದು ಸಂಜೆ ಊರಿಗೆ ಹೋದೆ. ಅವ್ವ ಎಡಗೈಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನಿಂತೇ ಎಲ್ಲ ಹೇಳಿದೆ, ಒಂಬತ್ತು ದಿನದ್ದು, ವಿಳಾಸದ್ದು, ಮೆರವಣಿಗೆಯದು. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

“ಲಿಂಗಸುಗೂರ ಅಂತ ಬರದಿ?”

“ಹೂಂ ಬೇ.”

“ನನ್ನ ಕೇಳಿದ್ರ ನಾನೂ ಹಂಗ ಹೇಳತಿದ್ದೆ.” ಒಂದು ಹರಳು ತೆಗೆದು ಬದಿಗಿಟ್ಟಳು. ಇನ್ನೊಂದು ತೆಗೆದಳು. “ನಾ ಕಲತಾಕಿ ಅಲ್ಲಲಾ.”

ಚುಚ್ಚಿ ಆಡಿದ ಮಾತಲ್ಲ ಅದು. ಚುಚ್ಚುವುದು ಅವಳಿಗೆ ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅಂದಳು, ಆಮೇಲೆ ನನಗೆ ರೊಟ್ಟಿ ಹಚ್ಚಿಕೊಟ್ಟಳು. ನಾನು ತಿಂದೆ. ಹೇಗೆ ತಿಂದೆನೋ ಗೊತ್ತಿಲ್ಲ.

ಮೇಲ್ಮನವಿ ಹಾಕುತ್ತೇನೆ, ಆಯೋಗದವರೆಗೂ ಹೋಗುತ್ತೇನೆ ಎಂದೆ. ಎಷ್ಟು ದಿನ ಎಂದು ಕೇಳಿದಳು. ವರ್ಷವಾಗಬಹುದು, ಎರಡಾಗಬಹುದು ಎಂದೆ. ಅವಳು ಮತ್ತೆ ಬೆರಳು ಎಣಿಸಲಿಲ್ಲ.

ಜನವರಿಯಲ್ಲಿ ಕೋರ್ಟಿನ ತಾರೀಖು ಬಂತು, ಲಿಂಗಸುಗೂರಿನಲ್ಲಿ. ತಾಲೂಕು ಬದಲಾದರೂ ನಮ್ಮ ಕಡೆಯ ಕೇಸುಗಳ ಕೋರ್ಟು ಇನ್ನೂ ಅಲ್ಲೇ. ವಕೀಲರು ವರಾಂಡದಲ್ಲೇ ಹೇಳಿದರು: “ನೋಡ್ರಿ ಯಮ್ಮಾ, ಸಣ್ಣ ಕೇಸು. ಒಪ್ಪಕೊಂಡ್ರ ದಂಡ ಕಟ್ಟಿ ಇವತ್ತ ಮನಿಗೆ ಹೋಗ್ತೀರಿ. ಇಲ್ಲಂದ್ರ ಸಾಕ್ಷಿ, ತಾರೀಖು, ನಿಮ್ಮ ಏಪ್ರಿಲ್ ಅಲ್ಲ, ಇನ್ನೆರಡು ಏಪ್ರಿಲ್ ಹೋಗ್ತಾವ. ನಿಮ್ಮ ಕಡೆ ಏನರ ದಾಖಲಿ ಐತಾ?” ಅವರು ನನ್ನ ಕಡೆ ನೋಡಿದರು. ನಾನು ನನ್ನ ಚೀಲ ನೋಡಿಕೊಂಡೆ.

ಹೆಸರು ಕೂಗಿದಾಗ ಅವ್ವ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು. ನ್ಯಾಯಾಧೀಶರು ಶಾಂತವಾಗಿಯೇ ಕೇಳಿದರು. ರಸ್ತೆಯ ನಡುವೆ ಕೂತು ವಾಹನ ತಡೆದದ್ದನ್ನು ಒಪ್ಪುತ್ತೀರಾ?

“ಗಿಡದ ಬುಡಕ ಕುಂತಿದ್ದೆವ್ರಿ,” ಎಂದಳು ಅವ್ವ.

ವಕೀಲರು ಕೆಮ್ಮಿದರು.

“ಒಪ್ಪದಿದ್ದರೆ ವಿಚಾರಣೆ ನಡೆಸಬೇಕಾಗುತ್ತದಮ್ಮ. ಬಲವಂತ ಇಲ್ಲ. ಯೋಚನೆ ಮಾಡಿ ಹೇಳಿ.”

“ಭಾಳ ದಿನಾ ಆಗತೈತೇನ್ರಿ?”

“ಹೇಳಲಿಕ್ಕಾಗುವುದಿಲ್ಲ.”

ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಏನಾದರೂ ಹೇಳಬಹುದಿತ್ತು. ಬೇಡ ಬೇ, ಒಪ್ಪಬೇಡ ಎನ್ನಬಹುದಿತ್ತು. ಎಂಟು ಹತ್ತು ಹೆಜ್ಜೆ ದೂರದಲ್ಲಿ ನಿಂತು ನಾನು ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದೆ. ಅವಳು ಮುಂದಕ್ಕೆ ತಿರುಗಿದಳು.

“ಹಂಗಾರ ರಸ್ತೆದಾಗ ಕುಂತಿದ್ದೆವ್ರಿ.”

ಸಹಿ ಮಾಡುವಲ್ಲಿ ಗುಮಾಸ್ತರು ಅವಳ ಕೈ ನೋಡಿ ಶಾಯಿಯ ಡಬ್ಬಿ ಸರಿಸಿದರು. ಅವಳು “ನನಗ ಸಹಿ ಬರ್ತೈತ್ರಿ” ಎಂದು ಪೆನ್ನು ಕೇಳಿದಳು. ಬೆರಳು ಮಡಚಲಿಲ್ಲ. ಪೆನ್ನು ಎರಡು ಸಲ ಜಾರಿತು, ಹಿಂದೆ ಸಾಲು ನಿಂತಿತ್ತು. ಕಡೆಗೆ ಎಡಗೈ ಹೆಬ್ಬೆರಳನ್ನು ಅವಳೇ ಮುಂದೆ ಮಾಡಿದಳು. ಮಣಿಕಟ್ಟು ಹಿಡಿದು ಒತ್ತಿಸಿದವನು ನಾನು.

ಮೇಲ್ಮನವಿಯ ಕರಡು ಇನ್ನೂ ನನ್ನ ಚೀಲದಲ್ಲಿತ್ತು. ಅದನ್ನು ಕಳಿಸಲಿಲ್ಲ. ಆ ದಿನ ಬೇವಿನ ಗಿಡದ ಬುಡದಲ್ಲಿ ಏನು ನಡೆಯಿತು ಎಂದು ಇನ್ನು ಯಾರು ಕೇಳಿದರೂ ಕೊಡಲು ಸರ್ಕಾರದ ಬಳಿ ಒಂದು ದಾಖಲೆ ಆಯಿತು, ಅದು ಅವ್ವನದೇ ಮಾತು.

ಸೋಮವಾರ ಕೋರ್ಟಿನ ಪ್ರತಿ ಹಿಡಿದು ಇಬ್ಬರೂ ಶಾಲೆಗೆ ಹೋದೆವು. ಹೆಡ್‌ಮಾಸ್ತರರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು, ಓದಿ ಅವ್ವನ ಮುಖ ನೋಡಿದರು.

“ಅಂದ್ರ ಖರೇನ ರಸ್ತೆ ತಡದಿದ್ರ್ಯಾ? ನಾ ಇಲ್ಲ ಅಂದ್ಕೊಂಡಿದ್ದೆ ನೋಡ್ರಿ.”

ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಇವತ್ತ ಎಷ್ಟ ಹುಡುಗರು ಬಂದಾವ್ರಿ ಸರ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಡುಗೆ ಮನೆಯ ಕಡೆ ನಡೆದಳು.