ಹೊಲದ ಸುತ್ತಿನ ತಂತಿ

ಉದ್ದನಪಲ್ಲಿಯ ರಸ್ತೆ ಬದಿಯಲ್ಲಿ ನಮ್ಮಣ್ಣನ ಮೋಟಾರ್ ರಿಪೇರಿ ಅಂಗಡಿಯಿದೆ. ರಾಗಿ ಹೊಲಕ್ಕೆ ಆನೆ, ಹಂದಿಗಳ ಕಾಟ ಹೆಚ್ಚಾದಾಗ ಅವನೇ ತಲೆ ಓಡಿಸಿ ಒಂದು ಪೆಟ್ಟಿಗೆ ಕಟ್ಟಿದ. ಹಳೇ ಬೈಕಿನ ಬ್ಯಾಟರಿ, ಲಾರಿಯ ಹಾರನ್ನು, ಹೊಲದ ಸುತ್ತ ಒಂದು ತಂತಿ, ಅಷ್ಟೇ. ಪ್ರಾಣಿ ತಂತಿಗೆ ತಗುಲಿದರೆ ಹಾರನ್ನು ಕೂಗುತ್ತದೆ, ಯಾರಿಗೂ ಪೆಟ್ಟಾಗುವುದಿಲ್ಲ. ಅಂಚೆಟ್ಟಿ ಕಡೆಯ ರೈತರೆಲ್ಲ ಹುಡುಕಿಕೊಂಡು ಬರತೊಡಗಿದರು. ಹೊಸೂರಿನಲ್ಲಿ ನಮ್ಮ ದೇಶದ ಕಸುಬು, ಯಂತ್ರಗಳ ಪ್ರದರ್ಶನ ಏರ್ಪಡಿಸಿದವರು ಅಣ್ಣನನ್ನೂ ಕರೆದಿದ್ದರು. ಗಾಣ, ಮಗ್ಗಗಳ ಪಕ್ಕದಲ್ಲಿ ತನ್ನ ಪೆಟ್ಟಿಗೆಯನ್ನೂ ಇಡುತ್ತಾರೆಂದು ಅವನು ಅದಕ್ಕೆ ಹೊಸ ಬಣ್ಣ ಬಳಿಯುತ್ತಿದ್ದ.

ಆಗ ನಾಟ್ರಾಂಪಾಳ್ಯದ ಕಡೆಯಿಂದ ಒಬ್ಬ ರೈತ ಬಂದ. ಹಿಂದೆಯೇ ಪೆಟ್ಟಿಗೆ ಕೊಂಡಿದ್ದವನು.

"ಆನೆಗೆ ಹಾರನ್ನು ರೂಢಿ ಆಗ್ಬುಟ್ಟೈತೆ ಅಣ್ಣ. ನಿಂತ್ಕಂಡೇ ಮೇಯ್ತದೆ. ಆ ತಂತೀಗೆ ಕರೆಂಟ್ ಬಿಡಂಗೆ ಮಾಡ್ಕೊಡು."

"ಕರೆಂಟು ಆನೆ ಯಾವ್ದು, ಮನ್ಸ ಯಾರು ಅಂತ ನೋಡಾಕಿಲ್ಲ ಕಣಪ್ಪ. ನಾನ್ ಮಾಡಾಕಿಲ್ಲ."

ರೈತ ಜಗಳವಾಡಲಿಲ್ಲ. "ಸರಿ ಬುಡು, ನಂಗೂ ವಸಿ ವೈರಿಂಗ್ ಬತ್ತದೆ" ಎಂದು ನಕ್ಕು ಹೊರಟುಹೋದ.

ಆ ನಗು ಅಣ್ಣನ ಮನಸ್ಸಿನಿಂದ ಹೋಗಲೇ ಇಲ್ಲ. ಭಾನುವಾರ ನನಗೆ ಕಾರ್ಖಾನೆಗೆ ರಜೆ. ಬೆಳಿಗ್ಗೆಯೇ ಬಂದು, "ಗಾಡಿ ತೆಗೀಲಾ, ಅವನ್ ಹೊಲ ನೋಡ್ಕಂಡ್ ಬರಾನ" ಎಂದ. ಅಂಚೆಟ್ಟಿ ದಾಟಿ ಕಾಡಿನ ರಸ್ತೆ ಹಿಡಿದೆವು.

ಹೊಲದ ಮೂಲೆಯಲ್ಲಿ ಪೆಟ್ಟಿಗೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಪಂಪ್ ಶೆಡ್ಡಿನಿಂದ ದಪ್ಪ ವೈರೊಂದನ್ನು ಎಳೆದು ನೇರ ತಂತಿಗೆ ಸುತ್ತಿದ್ದರು. ಆಚೆ ಬದಿಯಲ್ಲಿ ರೈತನ ಹೆಂಡತಿ ಅದೇ ತಂತಿಯ ಮೇಲೆ ಒದ್ದೆ ಸೀರೆ ಹರವುತ್ತಿದ್ದಳು.

"ಕೈ ತೆಗಿಯಮ್ಮಾ!" ಎಂದು ಅಣ್ಣ ಕಿರುಚಿ ಶೆಡ್ಡಿಗೆ ಓಡಿದ. ಸ್ವಿಚ್ ಹಾಕಿದಂತೆಯೇ ಇತ್ತು. ಫ್ಯೂಸ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ಹೊರಬಂದ.

ಆಕೆ ಗಾಬರಿಯಾಗಿ, "ಕರೆಂಟೇ ಇಲ್ವಲ್ಲಣ್ಣ, ಬೆಳಿಗ್ಗೆಯಿಂದ ಹೋಗೈತೆ" ಎಂದಳು.

ನಾವು ಉತ್ತರ ಕೊಡುವ ಮೊದಲೇ ಹೊಲದಂಚಿನ ಅವರ ಮನೆಯೊಳಗೆ ಟಿ.ವಿ. ತಮಿಳಿನಲ್ಲಿ ಜೋರಾಗಿ ಮಾತಾಡತೊಡಗಿತು. ಆಕೆ ಸೀರೆ ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟಳು.

ಕೂಗು ಕೇಳಿ ರೈತ ಮೇಲಿನ ಹೊಲದಿಂದ ಓಡಿ ಬಂದ. "ರಾತ್ರಿಗೆ ಮಾತ್ರ ಅಂತ ಹಾಕಿದ್ದೆ ಅಣ್ಣ. ಆರ್ಸಾದು ಮರ್ತೋಯ್ತು" ಎನ್ನುತ್ತಾ ಹೆಂಡತಿಯ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಅಣ್ಣ ವೈರನ್ನು ತುಂಡು ಮಾಡಿ ಬ್ಯಾಗಿಗೆ ಹಾಕಿಕೊಂಡ.

ಪ್ರದರ್ಶನಕ್ಕೆ ಅವನು ಹೋಗಲಿಲ್ಲ. ಪೆಟ್ಟಿಗೆ ಮಾಡುವುದನ್ನೂ ನಿಲ್ಲಿಸಿದ. "ಇನ್ನೂ ಯಾರ್ಯಾರ್ ಹೊಲ್ದಾಗೆ ಹಿಂಗೆ ಮಾಡವ್ರೋ" ಎಂದು ರಜೆ ಬಂದಾಗಲೆಲ್ಲ ನನ್ನನ್ನು ಹೊರಡಿಸುತ್ತಿದ್ದ. ಹೆಚ್ಚಿನ ಕಡೆ ಹಾರನ್ನೇ ಇತ್ತು, ಟೀ ಕೊಟ್ಟು ಕಳಿಸಿದರು. ಗುಮ್ಮಳಾಪುರದ ಬಳಿ ಮಾತ್ರ ಒಬ್ಬ ನಮ್ಮನ್ನು ಬದುವಿನ ಮೇಲೇ ತಡೆದ. ಅವನ ಹಿಂದೆ, ತಂತಿಯ ಕೆಳಗಿನ ಹುಲ್ಲು ಉದ್ದಕ್ಕೂ ಕಪ್ಪಗೆ ಸುಟ್ಟಿತ್ತು. ಅಣ್ಣ ಲೈನ್‌ಮನ್‌ಗೆ ಹೇಳಿದ. ಅವರು ಹೋದಾಗ ಅಲ್ಲಿ ತಂತಿಯೇ ಇರಲಿಲ್ಲವಂತೆ.

ಮೊನ್ನೆ ಬಸ್ಸಿನಲ್ಲಿ ಆ ಹೊಲದ ಮುಂದೆ ಹಾದುಬಂದೆ. ತಂತಿ ಮತ್ತೆ ಕಟ್ಟಿದ್ದಾರೆ.