ತಾಪಿಗೆ ಭರ್ತ ಬಂದಾಗ

"ಅಪ್ಪಾ, ನದಿ ಖತಮ್!" ಮಗಳು ಕೂಗಿದಳು. ನವರಾತ್ರಿ ಪೂಜೆಯ ಹೂಗಳನ್ನು ನೀರಿಗೆ ಬಿಡಲೆಂದು ಸೂರತ್‌ನ ಹೊರಗೆ, ತಾಪಿ ನದಿ ಕಡಲು ಸೇರುವ ಕಡೆಗೆ ಬಂದಿದ್ದೆವು. ಎದುರಿಗೆ ಬರೀ ಕೆಸರು. ದೋಣಿಗಳು ಮಗ್ಗುಲಾಗಿ ಬಿದ್ದಿದ್ದವು. ಹೋಟೆಲ್ ತೆರೆಯಲು ತಡವಾಗುತ್ತದೆಂದು ನಾನು ಸ್ಕೂಟರ್ ತಿರುಗಿಸಿದೆ.

ಅಲ್ಲೇ ಬಲೆ ಹೆಣೆಯುತ್ತಿದ್ದ ಮೀನುಗಾರ ಮುದುಕಿ ನಕ್ಕಳು. "ಬೇಸೋ ಭಾಯ್, ಕೂತ್ಕೊಳ್ಳಿ. ತಾಪಿಮಾ ಸಮುದ್ರಕ್ಕೆ ಹೋಗಿದ್ದಾಳೆ, ಈಗ ಬರ್ತಾಳೆ."

ನನಗೆ ನಾಚಿಕೆಯಾಯಿತು. ಗಂಗೊಳ್ಳಿ ಹೊಳೆಯ ದಂಡೆಯಲ್ಲಿ ಹುಟ್ಟಿದವನು ನಾನು. ಅಲ್ಲಿ ದೋಣಿ ಹತ್ತಿ ಪೇಟೆಗೆ ಹೊರಡುವುದೂ ಕಡಲಿನ ಉಬ್ಬರ ನೋಡಿಕೊಂಡೇ. ನಮ್ಮ ಬಾಯಲ್ಲಿ ಅದು ಭರ್ತ. ಅವಸರ ಮಾಡಿದರೆ ಅಮ್ಮ ನನ್ನ ಅಂಗಿ ಹಿಡಿದು ಜಗ್ಗುತ್ತಿದ್ದಳು: "ಕೂಕೋ ಮಗಾ, ಭರ್ತ ಬರ್ಲಿ." ಇದನ್ನೆಲ್ಲ ಮಗಳಿಗೆ ಹೇಳುತ್ತಿದ್ದಂತೆಯೇ ಕೆಸರಿನ ಮೇಲೆ ನೀರು ಸದ್ದಿಲ್ಲದೆ ಹರಡಿತು. ಒಂದೊಂದಾಗಿ ದೋಣಿಗಳು ಎದ್ದು ನಿಂತವು.

ಮೊನ್ನೆ ಮಧ್ಯಾಹ್ನ ಗಿರಾಕಿಗಳೇ ಇಲ್ಲದೆ ಹೋಟೆಲಿನ ಬಾಗಿಲಿಗೂ ಗಲ್ಲಾಪೆಟ್ಟಿಗೆಗೂ ಚಡಪಡಿಸುತ್ತ ಓಡಾಡುತ್ತಿದ್ದೆ. ಮನೆಯಲ್ಲೂ ಹಿಂದಿ, ಗುಜರಾತಿಯನ್ನೇ ಆಡುವ ಮಗಳು ನನ್ನ ಅಂಗಿ ಹಿಡಿದು ಜಗ್ಗಿದಳು. "ಕೂಕೋ ಅಪ್ಪಾ, ಭರ್ತ ಬರ್ಲಿ."